ಹಳೆಯ ಲೆಂಕೊಗೆ ತಂಬೂರಿಯ ಪರೀಕ್ಷೆ

ರೆಕಾರ್ಡ್ ಪ್ಲೇಯರಿನ ಗುಣ ತಿಳಿಯಬೇಕಾದರೆ ತಂಬೂರಿ ಕೇಳಿಸಬೇಕು. ಸಿನಿಮಾ ಹಾಡಿನಲ್ಲಿ ತಟ್ಟೆಯ ವೇಗ ತುಸು ಹೊಯ್ದಾಡಿದರೂ ವಾದ್ಯಗಳ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ನಿಧಾನಗತಿಯ ವಿಲಂಬಿತ ಖ್ಯಾಲಿನ ಹಿಂದೆ ತಂಬೂರಿ ಹಿಡಿದಿರುವ ಷಡ್ಜ ಅಲುಗಿದರೆ ಮಾತ್ರ ಧಾರವಾಡದ ಯಾವ ಮನೆಯಲ್ಲೂ ಯಾರೂ ಸುಮ್ಮನೆ ಕೂಡುವುದಿಲ್ಲ. ನನ್ನ ಹಳೆಯ ರೆಕಾರ್ಡ್ ಪ್ಲೇಯರ್ ಲೆಂಕೊ ಎಲ್ 75 ಬಿಚ್ಚಲು ಕುಳಿತದ್ದು ಈ ಕಾರಣಕ್ಕೆ.

ಇದು ಸ್ವಿಟ್ಜರ್ಲೆಂಡಿನ ಯಂತ್ರ. ಬೆಲ್ಟ್ ಇಲ್ಲ. ಮೋಟಾರಿನ ತುದಿಯಲ್ಲಿ ಶಂಕುವಿನಾಕಾರದ ದಂಡ, ಅದಕ್ಕೆ ತಾಗಿ ತಿರುಗುವ ರಬ್ಬರ್ ಅಂಚಿನ ಚಕ್ರ, ಆ ಚಕ್ರದ ಮೇಲೆ ಸುಮಾರು ನಾಲ್ಕು ಕಿಲೋ ತೂಕದ ತಟ್ಟೆ. ಚಕ್ರವನ್ನು ದಂಡದ ಉದ್ದಕ್ಕೂ ಸರಿಸಿ ವೇಗವನ್ನು ಬೇಕಾದಲ್ಲಿ ನಿಲ್ಲಿಸಬಹುದು. ವರ್ಷಗಟ್ಟಲೆ ಒತ್ತಿಕೊಂಡೇ ನಿಂತ ರಬ್ಬರಿನಲ್ಲಿ ತಗ್ಗು ಬೀಳುತ್ತದೆ, ಪ್ರತಿ ಸುತ್ತಿಗೂ ಅದು ದಡ್ ಎನ್ನುತ್ತದೆ. ತಗ್ಗು ಅಲ್ಪವಾಗಿದ್ದರೆ ನಯವಾದ ಮರಳು ಕಾಗದದಿಂದ ಹೋಗುತ್ತದೆ, ಆಳವಾಗಿದ್ದರೆ ಹೊಸ ಚಕ್ರವೇ ಗತಿ. ಬೇರಿಂಗಿನಲ್ಲಿ ಅಂಟಾಗಿದ್ದ ಹಳೆಯ ಎಣ್ಣೆಯನ್ನು ಒರೆಸಿ ಹೊಸದನ್ನು ಹಾಕಿದ್ದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ವೇಗ ಅಳೆಯಲು ಸ್ಟ್ರೋಬ್ ಕಾಗದ ಬೇಕು, ಅಂದರೆ ಗೆರೆಗಳ ವೃತ್ತವಿರುವ ಕಾಗದ. ವೇಗ ಸರಿಯಿದ್ದರೆ ಮಿನುಗುವ ದೀಪದ ಬೆಳಕಿನಲ್ಲಿ ಆ ಗೆರೆಗಳು ನಿಂತಂತೆ ಕಾಣುತ್ತವೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಎಲ್‌ಪಿ ರೆಕಾರ್ಡಿನ ವೇಗವಾದ ನಿಮಿಷಕ್ಕೆ 33⅓ ಸುತ್ತಿನ ವೃತ್ತದಲ್ಲಿ 180 ಗೆರೆಗಳಿರಬೇಕು. ಅನೇಕ ಎಲ್‌ಇಡಿ ಬಲ್ಬುಗಳ ಬೆಳಕಿನಲ್ಲಿ ಗೆರೆಗಳು ಸ್ಪಷ್ಟವಾಗುವುದಿಲ್ಲ, ನಿಯಾನ್ ದೀಪ ಹಿಡಿಯಬೇಕು. ಮುಳ್ಳು ರೆಕಾರ್ಡಿನ ಮೇಲಿರುವಾಗಲೇ ನೋಡಬೇಕು, ಏಕೆಂದರೆ ಅದರ ಎಳೆತವೂ ಲೆಕ್ಕಕ್ಕೆ ಬರುತ್ತದೆ. ಸಂಜೆ ಓಣಿಯ ವೋಲ್ಟೇಜ್ ಇಳಿದಾಗ ಲೆಂಕೊದ ಮೋಟಾರೂ ತುಸು ನಿಧಾನವಾಗುತ್ತದೆ. ಶೇಕಡಾ 6ರಷ್ಟು ತಗ್ಗಿದರೆ ಹಾರ್ಮೋನಿಯಂನ ಕರಿ ಒಂದರಲ್ಲಿ ಹಾಡಿದವರು ಅರ್ಧ ಸ್ವರ ಇಳಿದು ಬಿಳಿ ಒಂದಕ್ಕೆ ಬಂದುಬಿಡುತ್ತಾರೆ. ಸರ್ವೋ ಸ್ಟೆಬಿಲೈಸರ್ ಇಟ್ಟ ಮೇಲೆ ಈ ಕಾಟ ತಪ್ಪಿತು. ರಿಲೇ ಇರುವ ಅಗ್ಗದ ಸ್ಟೆಬಿಲೈಸರ್ ಬೇಡ, ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸುವ ಅದು ಷಡ್ಜವನ್ನೂ ಜಿಗಿಸುತ್ತದೆ.

ಮೋಟಾರಿನ ಗುಡುಗನ್ನು ತಗ್ಗಿಸಲು ಮೂಲ ಪೆಟ್ಟಿಗೆಯನ್ನು ತೆಗೆದು ಪ್ಲೈವುಡ್ ಪದರಗಳನ್ನು ಅಂಟಿಸಿದ ದಪ್ಪ ಪೀಠ ಮಾಡಿಸಿದೆ, ಮೇಲೆ ಸಾಗವಾನಿ ಹೊದಿಕೆ. ಎತ್ತಿ ಇಡುವಾಗ ಬಡಿಗರು, “ಸರ್, ಇದು ಪೆಟ್ಟಿಗೆಯೋ ಹೊಸ್ತಿಲೋ?” ಎಂದರು. ಅಷ್ಟು ಭಾರವೇ ಬೇಕಾಗಿತ್ತು. ತಂಬೂರಿಯ ಖರಜದ (ಮಂದ್ರ ಷಡ್ಜದ) ಕೆಳಗೆ ಮೊದಲು ಸದಾ ಗುಂಯ್‌ಗುಡುತ್ತಿದ್ದದ್ದು ಬಹುಮಟ್ಟಿಗೆ ಅಡಗಿತು.

ಲೆಂಕೊದ ನಿಜವಾದ ರೋಗ ಮುಳ್ಳನ್ನು ಹೊರುವ ಅದರ ತೋಳಿನಲ್ಲಿದೆ. ತೋಳು ಕೂರುವ ‘ವಿ’ ಆಕಾರದ ರಬ್ಬರ್ ತುಂಡುಗಳು ಮುಟ್ಟಿದರೆ ಕಪ್ಪು ಪುಡಿಯಾಗಿ ಬೆರಳಿಗೆ ಹತ್ತಿದವು. ಅಂಥ ತೋಳಿಗೆ ಎಂಥ ದುಬಾರಿ ಮುಳ್ಳು ಕಟ್ಟಿದರೂ ಹಣ ದಂಡ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಅದೇ ಅಳತೆಗೆ ಹಿತ್ತಾಳೆಯ ತುಂಡುಗಳನ್ನು ಕೊರೆಸಿ ಹಾಕಿದೆ.

ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ ಆಡಿಯೊ-ಟೆಕ್ನಿಕಾ ವಿಎಂ95ಇ. ಮುಳ್ಳು ರೆಕಾರ್ಡಿನ ಮೇಲೆ ಒತ್ತುವ ಭಾರ 2 ಗ್ರಾಂ, ಅಕ್ಕಸಾಲಿಗರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿದ್ದು. ಗೀರಿಗೆ ಕಾರ್ಟ್ರಿಜ್ ಕೂರುವ ಕೋನ ಹೊಂದಿಸುವುದರಲ್ಲಿ ಮಾತ್ರ ಆತುರ ಸಲ್ಲದು. ಎಲ್‌ಪಿಯ ಹೊರ ಅಂಚಿನಲ್ಲಿ ಗೀರು ಮುಳ್ಳಿನಡಿ ಸೆಕೆಂಡಿಗೆ 50 ಸೆಂಟಿಮೀಟರಿನಷ್ಟು ಓಡಿದರೆ, ಒಳಗೆ ಲೇಬಲ್ಲಿನ ಹತ್ತಿರ 20ಕ್ಕಿಳಿಯುತ್ತದೆ. ನಮ್ಮ ಸಂಗೀತದಲ್ಲಿ ನಿಧಾನದ ಆಲಾಪ ಹೊರಗೆ, ದ್ರುತದ ತಾನುಗಳು ಒಳಗೆ. ಅತಿ ವೇಗದ ಸ್ವರಗಳಿಗೆ ಅತಿ ಇಕ್ಕಟ್ಟಿನ ಜಾಗ! ಕೋನ ಕೂದಲೆಳೆಯಷ್ಟು ತಪ್ಪಿದರೂ ತಾನುಗಳು ಒಡೆದು ಸರಸರ ಎನ್ನುತ್ತವೆ. ಕೇಂದ್ರದಿಂದ 66 ಮತ್ತು 120.9 ಮಿಲಿಮೀಟರ್ ದೂರದ ಎರಡೂ ಬಿಂದುಗಳಲ್ಲಿ ಕಾರ್ಟ್ರಿಜ್ ಅಳತೆಯ ಕಾಗದದ ಗೆರೆಗಳಿಗೆ ಸರಿಯಾಗಿ ಕೂರುವವರೆಗೂ ಸ್ಕ್ರೂ ಬಿಗಿಸಬೇಡಿ. ಆ ಕಾಗದ ಮುದ್ರಿಸುವಾಗ ಹಿಗ್ಗಿದೆಯೋ ಕುಗ್ಗಿದೆಯೋ ಎಂದು ಸ್ಕೇಲಿಟ್ಟು ನೋಡಿ.

ಲೆಂಕೊ ಹಳೆಯ ರೆಕಾರ್ಡುಗಳ ವೇಗವಾದ ನಿಮಿಷಕ್ಕೆ 78 ಸುತ್ತಿನಲ್ಲೂ ತಿರುಗುತ್ತದೆ. ಗಂಗೂಬಾಯಿ ಹಾನಗಲ್ ಅವರ ಆರಂಭದ ಮುದ್ರಣಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ 78ರ ತಟ್ಟೆಗಳಲ್ಲೇ ಬಂದವು. ಅವುಗಳ ಅಗಲವಾದ ಗೀರಿಗೆ ಸುಮಾರು 75 ಮೈಕ್ರಾನ್ ತುದಿಯ ಬೇರೆ ಮುಳ್ಳು ಬೇಕು, ಎಲ್‌ಪಿಯದು ತಳಕ್ಕೆ ಹೋಗಿ ಬರೀ ಕೊಳೆ ಕೆರೆಯುತ್ತದೆ. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಎಲ್ಲದರ ಮೇಲೂ ಕೂರುವ ಊರು ನಮ್ಮದು, ತೊಳೆಯದೆ ವಿಧಿಯಿಲ್ಲ. ಎಲ್‌ಪಿಗೆ ಬಳಸುವ ಸ್ಪಿರಿಟ್ ಬೆರೆತ ದ್ರಾವಣವನ್ನು ಮಾತ್ರ 78ಕ್ಕೆ ಸೋಕಿಸಲೂಬೇಡಿ. ಅವು ಅರಗಿನ ತಟ್ಟೆಗಳು, ಬಡಿಗರು ಪಾಲಿಷಿಗೆಂದು ಸ್ಪಿರಿಟ್ಟಿನಲ್ಲಿ ಕರಗಿಸುವುದು ಇದೇ ಅರಗನ್ನು. ಡಿಸ್ಟಿಲ್ಡ್ ವಾಟರ್, ಒಂದು ಹನಿ ಸೋಪಿನ ದ್ರವ, ಮೆತ್ತನೆಯ ಬ್ರಷ್ ಸಾಕು. ಲೇಬಲ್ ನೆನೆಯಬಾರದು.