ಮಂಜು ಹಿಡಿದು ಗಿಡಕ್ಕೆ ಹನಿಸುವುದು ಹೇಗೆ?

ಚಿಲಿ ದೇಶದ ಕರಾವಳಿಯ ಎಲ್ ತೊಫೊ ಗುಡ್ಡದಲ್ಲಿ ಮಳೆ ಅಪರೂಪ, ಪೆಸಿಫಿಕ್ ಸಾಗರದಿಂದ ಏರಿ ಬರುವ ಮಂಜು ಧಾರಾಳ. ಮಂಜಿನ ಹನಿ ಹಿಡಿಯಲು ಅಲ್ಲಿ ಕಟ್ಟಿದ ಬಲೆಗಳು 1992ರಿಂದ ಕೆಲವು ವರ್ಷ ಗುಡ್ಡದ ಕೆಳಗಿನ ಚುಂಗುಂಗೊ ಎಂಬ ಮೀನುಗಾರರ ಊರಿಗೆ ನೀರು ಕೊಟ್ಟವು. ಒಂದು ಚದರ ಮೀಟರ್ ಬಲೆಗೆ ದಿನಕ್ಕೆ ಸರಾಸರಿ ಸುಮಾರು 3 ಲೀಟರ್. ಇಂಥ ಒಣಗುಡ್ಡದಲ್ಲಿ ಸಸಿ ಬೆಳೆಸಲು ಇದೇ ಉಪಾಯ ಸಾಕು.

ಮೊದಲ ಕೆಲಸ ಅಳತೆ. ಇದನ್ನು ಬಿಟ್ಟವರ ದುಡ್ಡು ಗಾಳಿಗೆ ಹೋದಂತೆ. 1 ಮೀಟರ್ ಉದ್ದಗಲದ ಚೌಕಟ್ಟಿಗೆ ಎರಡು ಪದರ ಬಲೆ ಬಿಗಿದು, ನೆಲದಿಂದ 2 ಮೀಟರ್ ಮೇಲೆ, ಗಾಳಿಗೆ ಎದುರಾಗಿ ನಿಲ್ಲಿಸಿ. ಬಲೆಯ ಕೆಳಗೆ ಇಳಿದ ನೀರು ಹಿಡಿಯುವ ದೋಣಿ, ದೋಣಿಗೊಂದು ಕೊಳವೆ, ಕೊನೆಗೆ ಕ್ಯಾನು. ಸಿಕ್ಕ ನೀರನ್ನು ಒಂದು ವರ್ಷ ದಿನವೂ ಬರೆದಿಡಿ. ಮಂಜು ಕಂಡಲ್ಲೆಲ್ಲ ನೀರು ಸಿಗದು; ಗಾಳಿ ಅದನ್ನು ಬಲೆಯೊಳಗೆ ತಳ್ಳಬೇಕು. ನಮ್ಮ ಬಯಲುಸೀಮೆಯಲ್ಲಿ ಚಳಿಗಾಲದ ಬೆಳಗ್ಗೆ ಕದಲದೆ ಕೂರುವ ಮಂಜು ಕಣ್ಣಿಗೆ ಚೆಂದ, ಬಲೆಗೆ ದಂಡ. ಮಲೆನಾಡಿನ ಮಂಜಿಗೆ ಗಾಳಿಯೇನೋ ಇದೆ, ಆದರೆ ಅದು ಹೆಚ್ಚಾಗಿ ಬರುವುದು ಮಳೆಗಾಲದಲ್ಲಿ!

ಲೆಕ್ಕ ಕೂಡಿಬಂದರೆ ದೊಡ್ಡ ಬಲೆ ಕಟ್ಟಿ. ಚಿಲಿಯಲ್ಲಿ ಬಳಸಿದ್ದು 12 ಮೀಟರ್ ಉದ್ದ, 4 ಮೀಟರ್ ಎತ್ತರದ್ದು. ಶೇ 35ರಷ್ಟು ನೆರಳು ಕೊಡುವ ರಾಶೆಲ್ ಎಂಬ ಯಂತ್ರ ಹೆಣಿಗೆಯ ಪ್ಲಾಸ್ಟಿಕ್ ಬಲೆ. ಇನ್ನೂ ದಟ್ಟವಾದದ್ದು ಹಾಕಿದರೆ ಹೆಚ್ಚು ನೀರು ಸಿಗುತ್ತದೆ ಎಂದುಕೊಳ್ಳಬೇಡಿ: ಗಾಳಿ ಪಕ್ಕಕ್ಕೆ ಸರಿದು ಮಂಜನ್ನೂ ಒಯ್ಯುತ್ತದೆ. ಎರಡು ಪದರ ಒಂದಕ್ಕೊಂದು ತಾಗುತ್ತಿದ್ದರೆ ಹನಿ ಬೇಗ ಕೆಳಗಿಳಿಯುತ್ತದೆ. ಕಂಬಗಳನ್ನು ಎರಡೂ ಬದಿಗೆ ತಂತಿಯಿಂದ ಎಳೆದು ಕಟ್ಟಿ.

ದಿನಕ್ಕೆ 3 ಲೀಟರ್‌ನಂತೆ 48 ಚದರ ಮೀಟರಿಗೆ 144 ಲೀಟರ್. ಸಸಿಗೆ 4 ಲೀಟರ್ ಎಂದರೆ 36 ಸಸಿ. ಮಂಜಿಲ್ಲದ ದಿನಗಳಿಗೂ ಉಳಿಯಬೇಕಾದ್ದರಿಂದ ಇನ್ನೂ ಕಡಿಮೆ ನೆಡುವುದು ಒಳ್ಳೆಯದು. ಮುಚ್ಚಳವಿರುವ ಟ್ಯಾಂಕನ್ನು ಸಸಿಗಳಿಗಿಂತ ಮೇಲಿಡಿ, ಇಳಿಜಾರೇ ಪಂಪಿನ ಕೆಲಸ ಮಾಡುತ್ತದೆ. ಫಿಲ್ಟರ್ ತಪ್ಪಿಸಬೇಡಿ; ಬಲೆಯ ಧೂಳು ಹನಿ ಕೊಳವೆಯನ್ನು ಕಟ್ಟಿಸುತ್ತದೆ.

ತಾನಾಗಿಯೇ ನೀರು ಬಿಡುವ ‘ಸ್ಮಾರ್ಟ್’ ಭಾಗ ಸಣ್ಣದು. ಬೇರಿನ ಆಳದಲ್ಲಿ ತೇವಾಂಶದ ಸೆನ್ಸರ್ ಹೂತು, ಸೌರಫಲಕದಿಂದ ನಡೆಯುವ ವಾಲ್ವ್‌ಗೆ ಜೋಡಿಸಿ. ಮಣ್ಣು ಒಣಗಿದಾಗ ಮಾತ್ರ, ಅದೂ ಸೂರ್ಯ ಮುಳುಗಿದ ಮೇಲೆ, ವಾಲ್ವ್ ತೆರೆಯಲಿ. ಸೆನ್ಸರನ್ನು ನಿಮ್ಮದೇ ಮಣ್ಣಿನಲ್ಲಿ, ಒಮ್ಮೆ ಒಣಗಿದಾಗ ಒಮ್ಮೆ ನೆನೆದಾಗ, ಪರೀಕ್ಷಿಸಿಕೊಳ್ಳಿ. ಬುಡಕ್ಕೆ ಒಣಹುಲ್ಲಿನ ಹೊದಿಕೆ ಇರಲಿ.

ಚುಂಗುಂಗೊದ ಬಲೆಗಳು ಸುಮಾರು ಹತ್ತು ವರ್ಷಗಳಲ್ಲೇ ಆರೈಕೆಯಿಲ್ಲದೆ ಹಾಳಾದವು. ಹರಿದದ್ದು ಅಂಗೈಯಗಲ ಇರುವಾಗಲೇ ಹೊಲಿಯಿರಿ. ದಬ್ಬಣ, ನೈಲಾನ್ ದಾರ ಟ್ಯಾಂಕಿನ ಬಳಿಯೇ ಡಬ್ಬಿಯಲ್ಲಿರಲಿ.