ಬ್ರೀನ್ಸೆಂಗಿನಲ್ಲಿ ಮಂಚವಿಲ್ಲ

ಓಸ್ಲೋ ನಗರದ ಮೆಟ್ರೋದಲ್ಲಿ ಪೂರ್ವದ ಕಡೆಗೆ ಹೋಗುವಾಗ ಹೆಲ್ಸ್‌ಫೀರ್ ಕಳೆದ ಮೇಲೆ ಬ್ರೀನ್ಸೆಂಗ್ ಎಂಬ ನಿಲ್ದಾಣ ಬರುತ್ತದೆ. ನಾನು ವೃದ್ಧರ ಆರೈಕೆಯ ಮನೆಯೊಂದರಲ್ಲಿ ಸಹಾಯಕಿಯಾಗಿ ಕೆಲಸಕ್ಕೆ ಸೇರಿದ ಹೊಸತು. ಅಲ್ಲಿ ಮೊದಲು ಕಲಿತ ಮಾತುಗಳಲ್ಲಿ ‘ಸೆಂಗ್’ ಒಂದು, ಅಂದರೆ ಮಂಚ. ಹೀಗಾಗಿ ಆ ನಿಲ್ದಾಣ ಬಂದಾಗಲೆಲ್ಲ ‘ಬ್ರೀನ್ ಎಂಬುವನ ಮಂಚ’ ಎಂದು ಅರ್ಥ ಮಾಡಿಕೊಂಡು, ವಿಚಿತ್ರ ಜನ ಎಂದುಕೊಂಡು ಸುಮ್ಮನಿದ್ದೆ. ಆರು ತಿಂಗಳ ಮೇಲೆ ಗೊತ್ತಾಯಿತು: ಬ್ರೀನ್ ಜಾಗದ ಹೆಸರು, ನಡುವಿನ ಸಕಾರ ನಮ್ಮ ಷಷ್ಠಿಯಂಥ ಕೊಂಡಿ, ‘ಎಂಗ್’ ಎಂದರೆ ಹುಲ್ಲುಗಾವಲು. ಬ್ರೀನ್ಸ್–ಎಂಗ್. ನಾನು ಕತ್ತರಿ ಹಾಕಿದ್ದೇ ತಪ್ಪು ಜಾಗಕ್ಕೆ.

ನಾರ್ವೇಜಿಯನ್ನರು ಸಮಾಸಪದಗಳನ್ನು ಜಾಗ ಬಿಡದೆ ಒಂದೇ ಉಸಿರಿನಲ್ಲಿ ಬರೆಯುತ್ತಾರೆ. ನಮಗೆ ಅದು ಹೊಸದೇನಲ್ಲ. ಕನ್ನಡ ತರಗತಿಯಲ್ಲಿ ‘ಬಿಡಿಸಿ ಬರೆಯಿರಿ, ಸಂಧಿಯನ್ನು ಹೆಸರಿಸಿ’ ಎಂಬ ಪ್ರಶ್ನೆಗೆ ಅಂಕ ಗಳಿಸಿದವಳು ನಾನು. ಆದರೂ ಎಡವುತ್ತಿದ್ದೆ. ಕಾರಣ ಸಿಕ್ಕಿದ್ದು ನನ್ನ ನೋಟ್ ಪುಸ್ತಕದಲ್ಲಿ. ಉಚ್ಚಾರಣೆ ಮರೆಯಬಾರದೆಂದು ಪ್ರತಿ ಪದವನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೆ. ನಮ್ಮ ಲಿಪಿಯ ಸ್ವಭಾವವೇ ವ್ಯಂಜನವನ್ನು ಮುಂದಿನ ಸ್ವರಕ್ಕೆ ಅಂಟಿಸುವುದು, ಎರಡು ವ್ಯಂಜನ ಸಿಕ್ಕರೆ ಒತ್ತಕ್ಷರ ಮಾಡುವುದು. ಬರೆಯುವ ಹೊತ್ತಿಗೇ ಪದದ ಹೊಲಿಗೆ ಮುಚ್ಚಿಹೋಗುತ್ತಿತ್ತು.

‘ವೀನ್’ ಎಂದರೆ ದ್ರಾಕ್ಷಾರಸ, ‘ಗ್ಲಸ್’ ಎಂದರೆ ಲೋಟ. ಎರಡನ್ನೂ ಸೇರಿಸಿ ನಾನು ಬರೆದುಕೊಂಡದ್ದು ‘ವಿಂಗ್ಲಸ್’. ಸೊನ್ನೆ ಬಂತು, ಹಿಂದಿನ ದೀರ್ಘ ಹ್ರಸ್ವವಾಯಿತು. ಗಕಾರದ ಹಿಂದಿನ ಸೊನ್ನೆಯನ್ನು ಕನ್ನಡದ ನಾಲಿಗೆ ತಾನಾಗಿಯೇ ಙಕಾರವಾಗಿ ಓದುತ್ತದೆ. ಹಾಗೆ ಓದಿದರೆ ಆಗುವುದು ವಿಙ್–ಲಸ್. ‘ವಿಙ್’ ರೆಕ್ಕೆ, ‘ಲಸ್’ ಹೊರೆ. ಲೋಟ ಕೇಳಲು ಹೋಗಿ ರೆಕ್ಕೆಯ ಹೊರೆ ಕೇಳಿದಂತೆ. ಅಂದಿನಿಂದ ನೋಟ್ ಪುಸ್ತಕದಲ್ಲಿ ಎರಡು ನಿಯಮ ಹಾಕಿಕೊಂಡೆ. ಹೊಲಿಗೆಯ ಜಾಗದಲ್ಲಿ ಕೆಂಪು ಶಾಯಿಯ ಗೀಟು, ಆ ಗೀಟನ್ನು ದಾಟಿ ಒತ್ತಕ್ಷರವೂ ಇಲ್ಲ ಸೊನ್ನೆಯೂ ಇಲ್ಲ: ವೀನ್|ಗ್ಲಸ್. ನಿಜವಾಗಿಯೂ ಆ ಮೂಗಿನ ಧ್ವನಿ ಇರುವ ಕಡೆ ಙ ಅಕ್ಷರವನ್ನೇ ಬರೆಯುವುದು. ಒಂದನೇ ತರಗತಿಯಿಂದ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಅಕ್ಷರಕ್ಕೆ ಓಸ್ಲೋದಲ್ಲಿ ಉದ್ಯೋಗ ಸಿಕ್ಕಿತು.

ಗೀಟು ಎಲ್ಲಿ ಹಾಕಬೇಕು ಎಂಬುದು ಮುಂದಿನ ಪ್ರಶ್ನೆ. ಎಡದಿಂದ ಓದುತ್ತ ಹೋದರೆ ಮೊದಲು ಕಂಡ ಗುರುತಿನ ಪದಕ್ಕೆ ಮನಸ್ಸು ಜೋತು ಬೀಳುತ್ತದೆ. ‘ಬೀಲ್ದೇಲರ್’ ಎಂಬ ಪದವನ್ನು ಅಂಗಡಿಯ ಫಲಕದಲ್ಲಿ ಕಂಡಾಗ, ಮೊದಲ ಐದು ರೋಮನ್ ಅಕ್ಷರಗಳಲ್ಲಿ ‘ಬಿಲ್ದೆ’, ಅಂದರೆ ಚಿತ್ರ, ಎಂಬ ಪದ ಕಂಡು ಫೋಟೋ ಸ್ಟುಡಿಯೋ ಇರಬೇಕು ಎಂದುಕೊಂಡಿದ್ದೆ. ಅದು ಬೀಲ್|ದೇಲರ್, ಕಾರಿನ ಬಿಡಿಭಾಗಗಳು. ಈಗ ನಾನು ಬಲದಿಂದ ಓದುತ್ತೇನೆ. ಕೊನೆಯ ಪದವೇ ಯಜಮಾನ. ಮಳೆಗಾಲ ಒಂದು ಬಗೆಯ ಕಾಲವೇ ಹೊರತು ಮಳೆಯಲ್ಲ ಎನ್ನುವ ಹಾಗೆ. ಯಜಮಾನನನ್ನು ಹಿಡಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ನಡುವಿನ ಸಕಾರವೂ ದಾರಿ ತೋರಿಸುತ್ತದೆ. ವೀನ್|ಗ್ಲಸ್‌ಗೆ ಸಕಾರ ಬೇಡ, ಆದರೆ ಕೆಂಪು ದ್ರಾಕ್ಷಾರಸದ ಲೋಟಕ್ಕೆ ಬೇಕು: ರೋವೀನ್ಸ್|ಗ್ಲಸ್. ಮೊದಲ ಭಾಗವೇ ಸಮಾಸವಾಗಿದ್ದರೆ ಅನೇಕ ವೇಳೆ ಹೀಗೆ ಸಕಾರದ ಆಗಮವಾಗಿ, ದೊಡ್ಡ ಹೊಲಿಗೆ ಇಲ್ಲಿದೆ ಎಂದು ಹೇಳುತ್ತದೆ.

ಲೋಪವೂ ಉಂಟು. ‘ನತ್ತ್’ ರಾತ್ರಿ, ‘ತೋಗ್’ ರೈಲು. ರಾತ್ರಿ ರೈಲು ಎಂದು ಬರೆಯುವಾಗ ಮೂರು ತಕಾರ ಸಾಲಾಗಿ ಬರಬೇಕು. ಇವರು ಒಂದನ್ನು ನುಂಗಿಬಿಡುತ್ತಾರೆ. ಸಾಲಿನ ಕೊನೆಯಲ್ಲಿ ಪದವನ್ನು ಒಡೆಯಬೇಕಾಗಿ ಬಂದರೆ ಮಾತ್ರ ನುಂಗಿದ್ದು ಹೊರಗೆ ಬಂದು ನತ್ತ್-ತೋಗ್ ಆಗುತ್ತದೆ. ಬಸ್ ನಿಲ್ದಾಣದ ಪದದಲ್ಲೂ ಇದೇ ಕಥೆ, ಅಲ್ಲಿ ಮೂರು ಸಕಾರ.

ಕೆಲಸದ ಜಾಗದಲ್ಲಿ ಒಮ್ಮೆ ಇದರಿಂದ ಫಜೀತಿಯಾಯಿತು. ಆಸ್ಪತ್ರೆಗೆ ‘ಸೀಕೆಹೂಸ್’ ಎನ್ನುತ್ತಾರೆ (ತುಟಿಯನ್ನು ದುಂಡಗೆ ಮಾಡಿಕೊಂಡು ‘ಸೀ’ ಎನ್ನಬೇಕು), ಅಂದರೆ ರೋಗಿಗಳ ಮನೆ. ನಮ್ಮಂಥ ಆರೈಕೆಯ ಮನೆಗೆ ‘ಸೀಕೆಯೆಮ್’. ಬರಹದಲ್ಲಿ ಎರಡರಲ್ಲೂ ಹಕಾರ ಇದೆ. ‘ಹೂಸ್’ ಎನ್ನುವಾಗ ಅದು ಕೇಳಿಸುತ್ತದೆ. ‘ಯೆಮ್’ ಎಂಬ ಬಿಡಿ ಪದದ ಮೊದಲ ಹಕಾರ ಮೂಕ, ಸಮಾಸದ ನಡುವೆ ಬಂದರೂ ಮೂಕವೇ. ನಾನು ಅಕ್ಷರ ನೋಡಿ ‘ಸೀಕೆಹ್ಯೆಮ್’ ಎಂದು ಫೋನಿನಲ್ಲಿ ಹೇಳಿದೆ. ಆ ಕಡೆಯವರ ಕಿವಿಗೆ ಹಕಾರ ಬಿದ್ದ ಕೂಡಲೇ ಆಸ್ಪತ್ರೆ ಎಂದೇ ತೀರ್ಮಾನವಾಯಿತು. ಔಷಧದ ಪೊಟ್ಟಣ ಎಲ್ಲಿಗೆ ಬರಬೇಕು ಎಂಬುದನ್ನು ಮೂರು ಸಲ ಬಿಡಿಸಿ ಹೇಳಬೇಕಾಯಿತು. ಆಗ ಪಾಠ ಕಲಿತೆ: ಮೊದಲು ಪದ ಒಡೆ, ಆಮೇಲೆ ಬಾಯಿ ತೆರೆ.

ಕನ್ನಡದವರಿಗೆ ಇಲ್ಲೊಂದು ಲಾಭವಿದೆ. ಓಸ್ಲೋ ಕಡೆಯ ಮಾತಿನಲ್ಲಿ ರಕಾರದ ಮುಂದೆ ತ, ದ, ನ, ಸ ಬಂದರೆ ಎರಡೂ ಕರಗಿ ಟ, ಡ, ಣ, ಷ ಆಗುತ್ತವೆ. ಅಪ್ಪಟ ಆದೇಶ ಸಂಧಿ! ‘ಕತ್ತ್’ ಬೆಕ್ಕು, ‘ಕಟ್’ (ಬರಹದಲ್ಲಿ ‘ಕರ್ತ್’) ನಕಾಶೆ. ಆದ್ದರಿಂದ ಇಂಗ್ಲಿಷಿನ ಅಭ್ಯಾಸದಿಂದ ಎಲ್ಲ ತಕಾರವನ್ನೂ ಟಕಾರ ಮಾಡಿದರೆ ಬೆಕ್ಕೇ ನಕಾಶೆಯಾದೀತು. ರೈಲು ನಿಲ್ದಾಣದ ಎದುರಿನ ಚೌಕ ಯಾಣ್|ಬಾನೆ|ತೊರ್ಗೆ: ಮೊದಲ ತುಂಡಿನಲ್ಲಿ ರೇಫ ಮಾಯ, ಕೊನೆಯಲ್ಲಿ ಬರೆದ ತಕಾರವೂ ಮಾಯ. ಹೊಲಿಗೆಯ ಆಚೀಚೆ ಸಿಕ್ಕ ರಕಾರ ಸಕಾರಗಳೂ ಕೂಡಿಕೊಳ್ಳುತ್ತವೆ. ಮಾಯೂರ್ ಮತ್ತು ಸ್ತೂಎನ್ ಸೇರಿದ ನಿಲ್ದಾಣದ ಹೆಸರಿನಲ್ಲಿ ಷಕಾರವೇ ಕೇಳಿಸುತ್ತದೆ. ಅಂದರೆ ನನ್ನ ಕೆಂಪು ಗೀಟು ಗೋಡೆಯಲ್ಲ, ಬೇಲಿ. ಇದನ್ನು ಕಲಿತು ಬೀಗುತ್ತಿದ್ದಾಗ ನಾರ್ವೆಯ ಪಶ್ಚಿಮ ಕರಾವಳಿಯ ಬೆರ್ಗೆನ್‌ನಿಂದ ಬಂದ ಸಹೋದ್ಯೋಗಿಯೊಬ್ಬರು ಸಿಕ್ಕರು. ಅವರ ರಕಾರ ಗಂಟಲಿನಲ್ಲಿ ಹುಟ್ಟುತ್ತದೆ, ಟ-ಣ ಯಾವುದೂ ಇಲ್ಲ. ನನ್ನ ‘ಬಾಣ್’ ಅವರ ಬಾಯಲ್ಲಿ ‘ಬಾರ್ನ್’. ಅರ್ಥ ಮಾತ್ರ ಎರಡೂ ಕಡೆ ಮಗುವೇ.

ಶಿಶುವಿಹಾರಕ್ಕೆ ‘ಬಾಣೆ|ಹಾಗೆ’ ಎನ್ನುತ್ತಾರೆ, ಮಕ್ಕಳ ತೋಟ. ಮಗಳು ಎಲ್ಲಿ ಎಂದು ಅಮ್ಮ ಹಾಸನದಿಂದ ಫೋನಿನಲ್ಲಿ ಕೇಳಿದಾಗ ಬಾಯಿತಪ್ಪಿ ಆ ಪದವನ್ನೇ ಹೇಳಿದೆ. “ಬಾಣದ ಹಾಗೆ ಎಲ್ಲಿಗೆ ಹೋದಳೇ?” ಎಂದು ಅಮ್ಮ ಗಾಬರಿಯಾದರು.

ತುಂಡುಗಳು ಸರಿಯಾದ ಮೇಲೆ ದನಿಯ ಒತ್ತಿನ ಸರದಿ. ಕನ್ನಡಿಗರು ಎಲ್ಲ ಭಾಗಗಳನ್ನೂ ಒಂದೇ ಮಟ್ಟದಲ್ಲಿ ಹೇಳುತ್ತೇವೆ. ಇಲ್ಲಿ ಸಾಮಾನ್ಯವಾಗಿ ಮೊದಲ ಭಾಗ ತಲೆಯೆತ್ತಬೇಕು, ಎರಡನೆಯದು ತಗ್ಗಬೇಕು. ಎರಡನ್ನೂ ಸಮನಾಗಿ ಒತ್ತಿದರೆ ಎರಡು ಬೇರೆ ಪದಗಳಾಗುತ್ತವೆ. ನಾರ್ವೇಜಿಯನ್ ಕಲಿಸುವವರು ನೊಷ್ಕ್‌ಲ್ಯಾರರ್. ಬಿಡಿಸಿ ಹೇಳಿದರೆ ನಾರ್ವೆ ಮೂಲದ ಶಿಕ್ಷಕರು. ಇರಾನಿನಲ್ಲಿ ಹುಟ್ಟಿದ ನಮ್ಮ ಶಿಕ್ಷಕಿಯನ್ನು ನಾನು ಹಾಗೆ ಬಿಡಿಸಿ ಪರಿಚಯಿಸಿದಾಗ ಅವರು ನಕ್ಕು, “ಪೌರತ್ವ ಕೊಟ್ಟದ್ದಕ್ಕೆ ಧನ್ಯವಾದ” ಎಂದರು. ಬರಹದಲ್ಲಿ ಇಲ್ಲಿಯವರೂ ಇಂಥ ಎಡವಟ್ಟು ಮಾಡುತ್ತಾರೆ. ಕುರಿಮರಿಯ ಮಾಂಸದ ತುಂಡುಗಳಿಗೆ ‘ಲಮ್ಮೆಕೊತೆಲೆತ್ತರ್’ ಎಂದು ಕೂಡಿಸಿ ಬರೆಯಬೇಕು. ನಡುವೆ ಜಾಗ ಬಿಟ್ಟರೆ ಲಕ್ವ ಹೊಡೆದ ಮಾಂಸದ ತುಂಡುಗಳು.

ಇದೆಲ್ಲದರ ಮೇಲೆ ಪದಕ್ಕೊಂದು ರಾಗವೂ ಇದೆ. ರೈತರು ಮತ್ತು ಬೀನ್ಸ್ ಎರಡಕ್ಕೂ ಕೇಳಿಸುವುದು ‘ಬೊನ್ನರ್’ ಎಂಬಂಥ ಒಂದೇ ಧ್ವನಿ. ವ್ಯತ್ಯಾಸ ಸ್ವರದ ಏರಿಳಿತದಲ್ಲಿ ಮಾತ್ರ. ಕಿವಿಗೆ ಈಗ ಗೊತ್ತಾಗುತ್ತದೆ, ಗಂಟಲಿಗೆ ಇನ್ನೂ ಒಗ್ಗಿಲ್ಲ. ಅಂಗಡಿಯಲ್ಲಿ ಬೀನ್ಸ್ ಬೇಕಾದಾಗ ಡಬ್ಬಿಯ ಕಡೆಗೆ ಬೆರಳು ತೋರಿಸುತ್ತೇನೆ.