ಗಿಟಾರ್ ಪಿಕಪ್ಪನ್ನು ಮರಕ್ಕೇ ಸ್ಕ್ರೂ ಹೊಡೆಯುವ ಮುಂಚೆ

ಎಲೆಕ್ಟ್ರಿಕ್ ಗಿಟಾರ್ ಕೈಗೆ ಬಂದ ಸ್ವಲ್ಪ ದಿನಕ್ಕೇ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಪಿಕಪ್ ಸುತ್ತಲಿನ ಆ ಪ್ಲಾಸ್ಟಿಕ್ ರಿಂಗ್ ಬಿಚ್ಚಿ ಬಿಸಾಕು, ಪಿಕಪ್ಪನ್ನು ನೇರ ಮರಕ್ಕೆ ಸ್ಕ್ರೂ ಹೊಡಿ, ಸಸ್ಟೇನ್ (ಸ್ವರ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದು) ಜಾಸ್ತಿ ಆಗುತ್ತೆ, ಟೋನ್ ದಪ್ಪ ಆಗುತ್ತೆ ಅಂತ. ಇದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಹೇಳುವಷ್ಟಿಲ್ಲ. ಮರಕ್ಕೆ ಒಮ್ಮೆ ತೂತು ಕೊರೆದರೆ ಕೊರೆದ ಹಾಗೇ, ಅದಕ್ಕೇ ಡ್ರಿಲ್ ಎತ್ತಿಕೊಳ್ಳುವ ಮುಂಚೆ ಮಾಡಬೇಕಾದ ಒಂದೆರಡು ಕೆಲಸ ಇವೆ.

ಮೊದಲು, ತಂತಿಗಳ ಅಡಿ ಕೂತಿರುವ ಈ ಪಿಕಪ್ ಏನು ಮಾಡುತ್ತದೆ ಅನ್ನೋದು ಗೊತ್ತಿರಲಿ. ಅದು ಮೈಕ್ ಅಲ್ಲ. ಒಳಗಿನ ಮ್ಯಾಗ್ನೆಟ್ಟು ಉಕ್ಕಿನ ತಂತಿಗೆ ಕಾಂತತ್ವ ಕೊಡುತ್ತದೆ, ತಂತಿ ಅಲುಗಿದಾಗ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ, ಅದು ಆಂಪ್‌ಗೆ ಹೋಗುತ್ತದೆ. ಅಂದರೆ ಲೆಕ್ಕಕ್ಕೆ ಬರುವುದು ತಂತಿಗೂ ಪಿಕಪ್‌ಗೂ ನಡುವಿನ ಚಲನೆ ಮಾತ್ರ. ಪಿಕಪ್ ತಾನೇ ಅಲುಗಿದರೆ ಆ ಅಲುಗಾಟವೂ ಸದ್ದಿಗೆ ಸೇರಿಕೊಳ್ಳುತ್ತದೆ. ಕೂರಿಸುವ ಬಗೆಯಿಂದ ಏನಾದರೂ ಬದಲಾಗುವುದಿದ್ದರೆ ಹೆಚ್ಚಾಗಿ ಇದೇ ದಾರಿಯಲ್ಲಿ. ಕ್ಲೀನ್ ಟೋನ್‌ನಲ್ಲಿ, ಕಡಿಮೆ ವಾಲ್ಯೂಮ್‌ನಲ್ಲಿ ನುಡಿಸುವವರಿಗೆ ಇದು ಕಿವಿಗೆ ಬೀಳುವುದೇ ಕಷ್ಟ. ಗೇನ್ (ಆಂಪ್ ಸದ್ದನ್ನು ಒಡೆಯುವಷ್ಟು ಏರಿಸುವ ನಾಬ್) ಏರಿಸಿ ಆಂಪ್ ಎದುರು ನಿಂತಾಗ ಕಥೆ ಬೇರೆ.

ಹಂಬಕರ್ (ಎರಡು ಕಾಯಿಲ್‌ನ ಪಿಕಪ್) ಇರುವ ಲೆಸ್ ಪಾಲ್ ಥರದ ಗಿಟಾರ್‌ಗಳಲ್ಲಿ ಪಿಕಪ್ ಒಂದು ಪ್ಲಾಸ್ಟಿಕ್ ರಿಂಗ್‌ನಿಂದ ಎರಡು ಸ್ಕ್ರೂ, ಎರಡು ಸ್ಪ್ರಿಂಗ್ ಮೇಲೆ ನೇತಾಡುತ್ತಿರುತ್ತದೆ. ಸ್ಟ್ರಾಟ್‌ನಲ್ಲಿ (ಫೆಂಡರ್ ಸ್ಟ್ರಾಟೊಕ್ಯಾಸ್ಟರ್) ಬಾಡಿ ಮೇಲಿನ ಪ್ಲಾಸ್ಟಿಕ್ ಹಾಳೆ, ಅಂದರೆ ಪಿಕ್‌ಗಾರ್ಡ್‌ನಿಂದ ನೇತಾಡುತ್ತದೆ. ಗಿಬ್ಸನ್‌ನ ಒಂದೇ ಕಾಯಿಲ್‌ನ ಪಿ-90 ಸೋಪ್‌ಬಾರ್ ಮಾತ್ರ ಮೊದಲಿಂದಲೂ ಮರಕ್ಕೇ ಸ್ಕ್ರೂ ಆಗುವ ಪಿಕಪ್. ಹಾಗಾಗಿ ಡೈರೆಕ್ಟ್ ಮೌಂಟ್ ಅನ್ನೋದು ರಾಕ್‌ನವರು ಕಂಡುಹಿಡಿದ ಹೊಸ ಗುಟ್ಟೇನಲ್ಲ. ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ 1970ರ ದಶಕದಲ್ಲಿ ತಾನೇ ಜೋಡಿಸಿದ ಗಿಟಾರ್‌ಗೆ ಗಿಬ್ಸನ್ ಹಂಬಕರ್ ಒಂದನ್ನು ನೇರ ಮರಕ್ಕೆ ಬಿಗಿದ ಮೇಲೆ ಇದು ಫ್ಯಾಶನ್ ಆಯಿತು. ಆದರೆ ಅವನು ಆ ಪಿಕಪ್ಪನ್ನು ಕರಗಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿಯೂ ಇದ್ದ. ಗೇನ್ ಏರಿಸಿದಾಗ ಪಿಕಪ್‌ನಿಂದ ಬರುವ ಕೀರಲು ನಿಲ್ಲಿಸುವುದರಲ್ಲಿ ಆ ಮೇಣದ ಪಾಲು ದೊಡ್ಡದು. ಎಲ್ಲರೂ ಸ್ಕ್ರೂ ನೆನಪಿಟ್ಟುಕೊಂಡರು, ಮೇಣ ಮರೆತರು.

ಟೆಲಿಕ್ಯಾಸ್ಟರ್‌ನ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ) ಪಿಕಪ್ಪನ್ನು ಬೇರೆಯಾಗಿಯೇ ನೋಡಬೇಕು. ಅದು ಮೂರು ಸ್ಕ್ರೂ ಮೇಲೆ ಉಕ್ಕಿನ ಬ್ರಿಡ್ಜ್ ಪ್ಲೇಟ್‌ನಿಂದ ನೇತಾಡುತ್ತದೆ, ಹಳೆಯ ಮಾದರಿಯಲ್ಲಿ ಅಡಿಗೆ ತಾಮ್ರ ಲೇಪಿಸಿದ ಉಕ್ಕಿನ ತಗಡೂ ಇರುತ್ತದೆ. ಇಲ್ಲಿ ಸುತ್ತಲಿನ ಉಕ್ಕೇ ಮ್ಯಾಗ್ನೆಟ್‌ನ ಕ್ಷೇತ್ರವನ್ನು ಬದಲಿಸುತ್ತದೆ. ಆ ಪ್ಲೇಟ್ ತೆಗೆದು ಗಿಡ್ಡ ಬ್ರಿಡ್ಜ್ ಹಾಕಿ ಪಿಕಪ್ಪನ್ನು ಮರಕ್ಕೆ ಕೂರಿಸಿದರೆ ಟೋನ್ ನಿಜವಾಗಿಯೂ ಬದಲಾಗುತ್ತದೆ, ಆದರೆ ಅದು ಮರದಿಂದಲ್ಲ, ಲೋಹ ಹೋದದ್ದರಿಂದ. ಟೆಲಿ ಟೆಲಿ ಥರ ಕೇಳಬೇಕು ಅಂದರೆ ಅದನ್ನು ಮುಟ್ಟಬೇಡಿ.

ಈಗ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ಎತ್ತರ. ಕಡೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ಅಡಿಯಿಂದ ಪೋಲ್ ಪೀಸ್‌ನ (ಪಿಕಪ್ ಮೇಲೆ ತಂತಿಗೊಂದರಂತೆ ಕಾಣುವ ಲೋಹದ ಗೂಟ) ತಲೆಯವರೆಗೆ ಸ್ಟೀಲ್ ಸ್ಕೇಲ್‌ನಲ್ಲಿ ಅಳೆಯಿರಿ. ಸ್ಟ್ರಾಟ್ ಥರದ ಸಿಂಗಲ್ ಕಾಯಿಲ್ (ಒಂದೇ ಕಾಯಿಲ್‌ನ) ಪಿಕಪ್‌ಗೆ ದಪ್ಪ ತಂತಿ ಕಡೆ 2 ಮಿಮೀ, ಸಣ್ಣ ತಂತಿ ಕಡೆ 1.6 ಮಿಮೀ ಇಟ್ಟು ಶುರು ಮಾಡಿ. ಹಂಬಕರ್‌ಗೆ ಬ್ರಿಡ್ಜ್ ಪಕ್ಕದ್ದಕ್ಕೆ 1.6, ನೆಕ್ (ಕುತ್ತಿಗೆ) ಪಕ್ಕದ್ದಕ್ಕೆ 2.4 ಮಿಮೀ. ಅರ್ಧ ಮಿಮೀ ಏರಿಸಿದರೂ ಇಳಿಸಿದರೂ ವಾಲ್ಯೂಮೂ ಟೋನೂ ಬದಲಾಗುತ್ತವೆ. ಮೌಂಟಿಂಗ್ ಬದಲಿಸಿ ‘ಅಬ್ಬಾ ಏನ್ ಟೋನ್’ ಅನ್ನುವವರಲ್ಲಿ ಬಹಳ ಜನ ಗೊತ್ತಿಲ್ಲದೇ ಎತ್ತರ ಬದಲಿಸಿರುತ್ತಾರೆ. ಇನ್ನೊಂದು ವಿಷಯ, ಸ್ಟ್ರಾಟ್ ಥರದ ಸಿಂಗಲ್ ಕಾಯಿಲ್‌ನಲ್ಲಿ ಪೋಲ್ ಪೀಸ್‌ಗಳೇ ಮ್ಯಾಗ್ನೆಟ್ ಆಗಿರುವುದರಿಂದ ತುಂಬಾ ಹತ್ತಿರ ತಂದರೆ ತಂತಿಯನ್ನೇ ಎಳೆಯುತ್ತವೆ. ದಪ್ಪ ಇ ತಂತಿಯ 12ನೇ ಫ್ರೆಟ್‌ನಿಂದ ಆಚೆ ಒಂದೇ ಸ್ವರ ನುಡಿಸಿದರೂ ಎರಡು ಸ್ವರ ಕಿತ್ತಾಡಿದ ಹಾಗೆ ಅಲೆ ಅಲೆಯಾಗಿ ಕೇಳಿದರೆ ಪಿಕಪ್ ಇಳಿಸಿ, ಅಷ್ಟೇ. ಸಸ್ಟೇನ್ ಹೋಗುವುದೂ ಇದರಿಂದಲೇ.

ಎತ್ತರ ಸರಿ ಇದ್ದೂ ಗೇನ್ ಏರಿಸಿದಾಗ ಕೀರಲು ಬರುತ್ತಿದೆಯಾ? ಮೂಲ ಹುಡುಕಬೇಕು. ಕೀರಲು ಬರುವಾಗ ತಂತಿಗಳನ್ನೆಲ್ಲ ಅಂಗೈಯಲ್ಲಿ ಗಟ್ಟಿಯಾಗಿ ಮುಚ್ಚಿ. ನಿಂತರೆ ಅದು ತಂತಿಯ ಫೀಡ್‌ಬ್ಯಾಕ್ (ಆಂಪ್‌ನ ಸದ್ದೇ ತಂತಿಯನ್ನು ಮತ್ತೆ ಅಲುಗಿಸುವುದು), ಪಿಕಪ್‌ನ ತಪ್ಪಲ್ಲ. ನಿಲ್ಲದಿದ್ದರೆ ಇನ್ನೊಂದು ಕೈಯ ಬೆರಳಿನಿಂದ ಪಿಕಪ್ಪನ್ನು ಕೆಳಕ್ಕೆ ಅದುಮಿ ಹಿಡಿಯಿರಿ. ಈಗ ನಿಂತರೆ ಪಿಕಪ್ ಸಡಿಲವಾಗಿ ಅಲುಗುತ್ತಿದೆ ಅಂತ ಅರ್ಥ, ಮೌಂಟಿಂಗ್ ಸರಿಮಾಡಿದರೆ ಪ್ರಯೋಜನ ಇದೆ. ಅದುಮಿದರೂ ಕಿರುಚುತ್ತಲೇ ಇದ್ದರೆ ಕಾಯಿಲ್‌ನ ಸುತ್ತುಗಳೋ ಮೇಲಿನ ಲೋಹದ ಮುಚ್ಚಳವೋ ಒಳಗೇ ಅಲುಗುತ್ತಿದೆ. ಅದಕ್ಕೆ ಮೇಣವೇ ಮದ್ದು, ಎಷ್ಟು ಗಟ್ಟಿ ಸ್ಕ್ರೂ ಹೊಡೆದರೂ ಅದು ಹೋಗುವುದಿಲ್ಲ. ಇಎಂಜಿ ಕಂಪನಿಯದರ ಥರ ಎಪಾಕ್ಸಿ ಅಂಟು ತುಂಬಿದ ಪಿಕಪ್ ಇದ್ದವರಿಗೆ ಈ ತಲೆನೋವೇ ಇಲ್ಲ.

ಪಿಕಪ್ ಅಲುಗುತ್ತಿದ್ದರೂ ತಕ್ಷಣ ಡ್ರಿಲ್‌ಗೆ ಹೋಗಬೇಡಿ. ಸ್ಪ್ರಿಂಗ್ ಬಿಚ್ಚಿ ಅದರ ಜಾಗಕ್ಕೆ ರಬ್ಬರ್ ಟ್ಯೂಬ್ ಹಾಕಿ ನೋಡಿ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಿಲಿಕೋನ್ ಟ್ಯೂಬ್ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ, ಚೆನ್ನಾಗಿ ಕೂರುತ್ತದೆ. ಇಲ್ಲವೇ ಪಿಕಪ್ ಅಡಿಗೆ ಫೋಮ್ ಇಡಿ. ಪಿಕಪ್ ಕೂರುವ ಮರದ ಗುಂಡಿಯಲ್ಲಿ 10 ಮಿಮೀ ಜಾಗ ಇದ್ದರೆ ಫೋಮ್ 14 ಮಿಮೀ ಇರಲಿ, ಒತ್ತಿಕೊಂಡು ಕೂತಾಗಲೇ ಅದು ಕೆಲಸ ಮಾಡುವುದು. ಪಾರ್ಸೆಲ್ ಜೊತೆ ಬರುವ ಹಗುರ ಸ್ಪಂಜು ಬೇಡ, ಕೆಲವು ವರ್ಷಕ್ಕೆ ಅಂಟು ಅಂಟಾಗಿ ಪುಡಿಯಾಗುತ್ತದೆ. ಕ್ರಾಫ್ಟ್ ಅಂಗಡಿಯ ಇವಿಎ ಫೋಮ್ ಶೀಟ್ ಎರಡು ಮೂರು ಪದರ ಅಂಟಿಸಿಕೊಳ್ಳಿ. ಹತ್ತರಲ್ಲಿ ಎಂಟು ಮಂದಿಗೆ ಇಷ್ಟು ಸಾಕು ಅನ್ನೋದು ನನ್ನ ಅಭಿಪ್ರಾಯ.

ಇಲ್ಲ, ಮರಕ್ಕೇ ಹೊಡೆಯಬೇಕು ಅನ್ನುವವರು ತಂತಿ ಪೂರಾ ಬಿಚ್ಚಿ, ಬಾಡಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಗುಂಡಿಯ ತಳದಿಂದ ಗಿಟಾರಿನ ಬೆನ್ನಿಗೆ ಎಷ್ಟು ಮರ ಉಳಿದಿದೆ ಅಂತ ಅಳೆಯಿರಿ, ಇಲ್ಲದಿದ್ದರೆ ಸ್ಕ್ರೂ ಹಿಂದಿನಿಂದ ಇಣುಕೀತು. ಡ್ರಿಲ್ ಬಿಟ್‌ಗೆ ಬೇಕಾದ ಆಳದಲ್ಲಿ ಟೇಪ್ ಸುತ್ತಿ ಗುರುತು ಮಾಡಿ, ಸ್ಕ್ರೂಗಿಂತ ಸಣ್ಣ ತೂತನ್ನೇ ಕೊರೆಯಿರಿ. ಬಹಳ ಜನ ಎಡವುವುದು ಹಂಬಕರ್‌ನ ಕಾಲಿನಲ್ಲಿ, ಅಂದರೆ ಸ್ಕ್ರೂ ಹೋಗುವ ತಗಡಿನ ಚಾಚಿನಲ್ಲಿ. ಆ ತಗಡಿನ ತೂತಿಗೆ ಮೊದಲೇ ಮರೆ (ಸ್ಕ್ರೂ ಸುತ್ತಿಕೊಂಡು ಹೋಗುವ ಥ್ರೆಡ್) ಇರುತ್ತದೆ. ಮರದ ಸ್ಕ್ರೂ ಆ ಮರೆಗೂ ಮರಕ್ಕೂ ಒಟ್ಟಿಗೆ ಕಚ್ಚಿಕೊಂಡರೆ ಪಿಕಪ್ ಮೇಲೂ ಬರುವುದಿಲ್ಲ, ಕೆಳಗೂ ಹೋಗುವುದಿಲ್ಲ. ಕಾಲಿನ ತೂತಿನಲ್ಲಿ ಸಲೀಸಾಗಿ ಜಾರುವಷ್ಟು ಸಣ್ಣ ಸ್ಕ್ರೂ ತನ್ನಿ. ಸಿಗದಿದ್ದರೆ ಕಾಯಿಲ್‌ಗೆ ಪೂರ್ತಿ ಟೇಪ್ ಸುತ್ತಿ, ಆಮೇಲೆ ಕಾಲಿನ ತೂತು ದೊಡ್ಡದು ಮಾಡಿ. ಉಕ್ಕಿನ ಪುಡಿ ಪೋಲ್ ಪೀಸ್‌ಗೆ ಅಂಟಿದರೆ ಟೇಪ್‌ನಲ್ಲಿ ಒತ್ತಿ ತೆಗೆಯಿರಿ. ಅಡಿಗೆ ಮತ್ತೆ ಅದೇ ಫೋಮ್ ಬೇಕೇ ಬೇಕು, ಯಾಕೆಂದರೆ ಸ್ಕ್ರೂ ಪಿಕಪ್ಪನ್ನು ಕೆಳಕ್ಕೆ ಎಳೆಯುತ್ತದೆ, ಮೇಲಕ್ಕೆ ತಳ್ಳುವುದು ಫೋಮೇ. ನೇರ ಮರಕ್ಕೆ ಬಿಗಿದಿದ್ದೇನೆ ಅಂದುಕೊಂಡವರ ಪಿಕಪ್ಪೂ ಕೊನೆಗೆ ಕೂತಿರುವುದು ಫೋಮ್ ಮೇಲೇ, ಅಲ್ವಾ?

ಹೋಲಿಸುವುದಿದ್ದರೆ ಕೆಲಸಕ್ಕೆ ಮುಂಚೆಯೇ ರೆಕಾರ್ಡ್ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಅದೇ ಗೇಜಿನ (ದಪ್ಪದ) ಹೊಸ ತಂತಿ, ಅದೇ ಎತ್ತರ, ಅದೇ ಪಿಕ್. ಮುಂಚೆಯೂ ಹೊಸ ತಂತಿಯಲ್ಲೇ ರೆಕಾರ್ಡ್ ಮಾಡಿರಬೇಕು, ಹಳೇ ತಂತಿಗೂ ಹೊಸದಕ್ಕೂ ಇರುವ ವ್ಯತ್ಯಾಸ ಮೌಂಟಿಂಗ್‌ನದಕ್ಕಿಂತ ಎಷ್ಟೋ ದೊಡ್ಡದು. ಬಿಚ್ಚಿದ ರಿಂಗನ್ನು ಬಿಸಾಕಬೇಡಿ. ಅದರ ನಾಲ್ಕು ಸ್ಕ್ರೂ ತೂತು ಮೇಲೆ ಎದ್ದು ಕಾಣುತ್ತವೆ, ಸುಮ್ನೆ ಅಂದಕ್ಕಾದರೂ ವಾಪಸ್ ಹಾಕಿಬಿಡಿ.